ಬೋರಲಿಟ್ಟ ಬಟ್ಟಲು

ಆಳಂದದ ನಮ್ಮ ಹಳೆಯ ಮನೆಯ ನಡುಮನೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅಷ್ಟೇ. ಬಿಸಿಲು ಅದರಿಂದ ಕೋಲಿನಂತೆ ಇಳಿದು, ಮುಂಜಾನೆ ಜೋಳದ ಚೀಲಗಳ ಮೇಲೆ, ಮಧ್ಯಾಹ್ನ ಪರಸಿ ಕಲ್ಲು ಹಾಸಿದ ನೆಲದ ಮೇಲೆ, ಹೊತ್ತು ಇಳಿಯುವಾಗ ಮೂಡಣ ಗೋಡೆಯ ಗೂಡಿನಲ್ಲಿ ಬಂದು ನಿಲ್ಲುತ್ತಿತ್ತು. ಗಡಿಯಾರ ಇಲ್ಲದ ಮನೆಗೆ ಅದೇ ಗಡಿಯಾರ. ಗೂಡಿಗೆ ಬಿಸಿಲು ಬಂತೆಂದರೆ ಚಹಾದ ಹೊತ್ತು. ಆ ಗೂಡಿನಲ್ಲಿ ನನ್ನ ಅಜ್ಜಿಯ ಪಿಂಗಾಣಿ ಬಟ್ಟಲು ಬೋರಲು ಮಲಗಿರುತ್ತಿತ್ತು. ನಾವು ಅಜ್ಜಿಯನ್ನು ದಾದಿಮಾ ಎನ್ನುತ್ತಿದ್ದೆವು. ಬಟ್ಟಲಿನ ಮೈ ತುಂಬ ಗುಲಾಬಿ ಬಣ್ಣದ ಹೂ, ಹಸಿರು ಎಲೆ, ಒಂದು ಹಳದಿ ಚಿಟ್ಟೆ, ಮತ್ತೆ ಬೀಸಣಿಕೆ ಹಿಡಿದು ಬೆನ್ನು ತಿರುಗಿಸಿ ಕೂತ ಒಬ್ಬ ಹೆಂಗಸು. ಬಿಸಿಲು ಬಿದ್ದಾಗ ಹೂವುಗಳ ಸುತ್ತ ಕಾಮನಬಿಲ್ಲಿನ ಎಳೆಯೊಂದು ತೇಲುತ್ತಿತ್ತು, ಮಳೆಗಾಲದ ಹೊಂಡದಲ್ಲಿ ಎಣ್ಣೆಯ ಹನಿ ಹರಡಿದ ಹಾಗೆ. ಆ ಹೆಂಗಸು ಒಂದಿಲ್ಲೊಂದು ದಿನ ಈ ಕಡೆ ಮುಖ ಮಾಡುತ್ತಾಳೆ ಎಂದು ನಾನು ಎಷ್ಟೋ ಸಂಜೆ ಕಾದು ಕೂತಿದ್ದೇನೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಹೂವಿನ ಎಸಳು ಉಬ್ಬಿದ್ದು ಗೊತ್ತಾಗುತ್ತಿತ್ತು. ನಾನು ಬರೆಯಲು ಕಲಿತದ್ದು ತಡವಾಗಿ. ಅದಕ್ಕೂ ಎಷ್ಟೋ ಮೊದಲೇ ಬೆರಳಿನಿಂದ ಓದಲು ಕಲಿತಿದ್ದೆ ಅನ್ನಿಸುತ್ತದೆ.

ಬಟ್ಟಲನ್ನು ಬೋರಲು ಇಡುತ್ತಿದ್ದುದಕ್ಕೆ ಕಾರಣ ಇತ್ತು. ಅದರ ಬುಡದಲ್ಲಿ ಕೆಂಪು ಬಣ್ಣದ ಒಂದು ಚೌಕ, ಚೌಕದೊಳಗೆ ಯಾರಿಗೂ ಓದಲು ಬಾರದ ಅಕ್ಷರ. ಅದು ದುವಾ, ಅಂದರೆ ಪ್ರಾರ್ಥನೆ ಎಂದು ದಾದಿಮಾ ಹೇಳುತ್ತಿದ್ದಳು. ಅವಳ ತಾಯಿಯ ತಂದೆ ಹಜ್‌ಗೆ ಹೋದಾಗ ಮದೀನಾದ ಬಜಾರದಿಂದ ಎದೆಗವಚಿಕೊಂಡು ತಂದ ಬಟ್ಟಲಂತೆ. ದುವಾ ನೆಲ ನೋಡಬಾರದು, ಮುಗಿಲು ನೋಡಬೇಕು ಎಂದು ಬೋರಲು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವಳು ಆ ಬುಡದ ಬಳೆಯಂಥ ಅಂಚಿನೊಳಗೆ ನಾಲ್ಕು ಚಮಚ ನೀರು ಹಾಕಿ, ಕೆಂಪು ಅಕ್ಷರದ ಮೇಲೆ ಬೆರಳು ಇಟ್ಟು ಮೆಲ್ಲಗೆ ಏಳು ಸುತ್ತು ಸುತ್ತಿ, ಆ ನೀರು ಕುಡಿಸುತ್ತಿದ್ದಳು. ಜೇವರ್ಗಿಯ ಕಡೆ ಅವಳ ತವರುಮನೆಯಲ್ಲಿ ಅವಳ ತಾಯಿಯೂ ಹೀಗೇ ಮಾಡುತ್ತಿದ್ದಳಂತೆ. ಚೌಕದ ನಡುಭಾಗ ಬೆರಳಿಗೆ ಸವೆದು ತೆಳ್ಳಗಾಗಿತ್ತು. ಆ ನೀರು ಅತಿ ಹೆಚ್ಚು ಕುಡಿದವನು ನಾನೇ. ಮಳೆ ಹನಿದರೆ ಜ್ವರ, ಬಿಸಿಲು ಹೆಚ್ಚಾದರೆ ಜ್ವರ. ಜ್ವರದಲ್ಲಿ ಮಲಗಿದಾಗ ಬೆಳಕಿಂಡಿಯ ಬಿಸಿಲಿನಲ್ಲಿ ಧೂಳು ಏರುವುದು, ಇಳಿಯುವುದು ಕಾಣುತ್ತಿತ್ತು. ದೂರದಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹಣೆಯ ಮೇಲೆ ಅವಳ ಒದ್ದೆ ಬೆರಳು. ಬೇನೆಯ ಹುಡುಗ ಎಂದು ಶಾಲೆಗೂ ಕಳಿಸಲಿಲ್ಲ. ಬೇರೆ ಹುಡುಗರು ಐದನೇ ಇಯತ್ತೆ ಮುಗಿಸುವ ವಯಸ್ಸಿನಲ್ಲಿ ನಾನು ದಾದಿಮಾನ ಸೆರಗು ಹಿಡಿದು ಶೇಂಗಾ ಬಿಡಿಸುತ್ತ ಕೂತಿದ್ದೆ.

ಆ ಮನೆಯಲ್ಲಿ ಒಲೆ ಒಂದು, ಹೆಂಗಸರು ಇಬ್ಬರು. ದಾದಿಮಾ ನಮ್ಮ ಅಜ್ಜನ ಎರಡನೇ ಹೆಂಡತಿ. ಮೊದಲನೆಯವಳು ತೀರಿಕೊಂಡ ಮೇಲೆ ಜೇವರ್ಗಿಯಿಂದ ಬಂದವಳು. ಮೊದಲನೆಯವಳ ಮಗ ನನ್ನ ದೊಡ್ಡಪ್ಪ. ಅವನ ಹೆಂಡತಿಯನ್ನು ನಾವು ಬಡೀಮಾ ಎನ್ನುತ್ತಿದ್ದೆವು. ಅಜ್ಜ, ದೊಡ್ಡಪ್ಪ ಇಬ್ಬರೂ ತೀರಿಕೊಂಡ ಮೇಲೆ ಮನೆಯ ಬೀಗದ ಕೈ ಬಡೀಮಾನ ಸೊಂಟದಲ್ಲಿ ಇರುತ್ತಿತ್ತು. ನನ್ನ ತಾಯಿ ನಾನು ಹಾಲು ಬಿಡುವ ಮೊದಲೇ ಹೋಗಿದ್ದಳು. ದಾದಿಮಾನ ಮಗನಾದ ನನ್ನ ಅಪ್ಪ ಅಫಜಲಪುರದ ಕಡೆ ಲಾರಿ ಹೊಡೆಯುತ್ತ ವಾರಕ್ಕೊಮ್ಮೆ ಬರುವ ಅತಿಥಿ. ಮನೆಯಲ್ಲಿ ಎರಡು ಭಾಷೆ ಇದ್ದವು. ಪ್ರೀತಿ, ಹರಟೆ, ಅಡುಗೆ ದಖನಿ ಉರ್ದುವಿನಲ್ಲಿ. ಜಗಳ ಕನ್ನಡದಲ್ಲಿ, ಆಚೆ ಮನೆಯ ಶಿವಶರಣಪ್ಪನವರ ಹೆಂಡತಿಗೂ ತಿಳಿಯಲಿ ಎಂದು. ಆಕೆ ಬಾಗಿಲ ಹಿಂದೆ ಪಲ್ಯದ ಸೊಪ್ಪು ಸೋಸುತ್ತ ಕೂತು ಎಲ್ಲ ಕೇಳುತ್ತಿದ್ದಳು. ಮರುದಿನ ಇಬ್ಬರಿಗೂ ಬೇರೆ ಬೇರೆ ಸಮಾಧಾನ ಹೇಳುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದದ್ದರಿಂದ ಶುರುವಾದ ಜಗಳವೂ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಿತ್ತು. ಬಡೀಮಾ ಬಾಗಿಲ ಕಡೆ ಮುಖ ಮಾಡಿ ಹೇಳುತ್ತಿದ್ದಳು:

“ಖಾಲಿ ಕೈಲೆ ಬಂದಾಕಿ ನೀನು. ಉಟ್ಟ ಸೀರಿ ಬಿಟ್ಟರ ಏನ್ ತಂದೀದಿ?”

ದಾದಿಮಾ ಬೇರೆ ಯಾವ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಈ ಮಾತಿಗೆ ಮಾತ್ರ ಗೂಡಿನ ಕಡೆ ಕೈ ತೋರಿಸುತ್ತಿದ್ದಳು.

“ಅದನ್ನ ತಂದೀನಿ. ನಮ್ಮವ್ವನ ಬಟ್ಟಲ.”

ನಾನು ಶಾಲೆಗೆ ಸೇರಿದ ವರ್ಷವೇ ಬಡೀಮಾನ ಮಗಳು ಶಮೀಮಳ ಮದುವೆ ಅಫಜಲಪುರದ ಮನೆಯೊಂದಕ್ಕೆ ನಿಶ್ಚಯವಾಯಿತು. ಮಗಳ ಜೊತೆ ಕಳಿಸುವ ಸಾಮಾನನ್ನು ಬಡೀಮಾ ನಡುಮನೆಯಲ್ಲಿ ಹರವಿಕೊಂಡು ಕೂತಿದ್ದಳು. ತಾಮ್ರದ ಹಂಡೆ, ಹಿತ್ತಾಳೆಯ ಪಾನದಾನ, ಎರಡು ಗಾದಿ. ಬಿಸಿಲಿನ ಕೋಲು ಗೂಡಿಗೆ ಬಂತು. ಅವಳು ತಲೆಯೆತ್ತಿ ನೋಡಿದಳು.

“ಆ ಬಟ್ಟಲಾನೂ ಇದರಾಗ ಇಡ್ರಿ,” ಎಂದಳು.

“ಅದು ನಂದು,” ಎಂದಳು ದಾದಿಮಾ.

“ನಿಂದ ಹೆಂಗಾಗ್ತದ? ಅದು ಮನಿದು. ಮಾವ ಸೋಲಾಪುರ ಬಜಾರದಾಗ ತಂದದ್ದು. ನನ್ನ ಗಂಡ ಸಾಯೋ ಮುಂದ ಹೇಳ್ಯಾನ. ದೊಡ್ಡ ಮಗನ ಮಗಳಿಗಿ ಹೋಗೂದೇ ಹಕ್ಕು.”

“ಸತ್ತವನ ಬಾಯಾಗ ಮಾತು ಇಡಬ್ಯಾಡಬೇ. ಅವ ನನ್ನ ಕೈಯಾಗ ಬೆಳದಾನ. ಸುಳ್ಳ ಹೇಳಾವಲ್ಲ.”

“ಹಂಗಾದ್ರ ನಾ ಸುಳ್ಳ ಹೇಳಾಕತ್ತೇನಿ?”

ಅಂದು ಒಲೆ ಹೊತ್ತಲಿಲ್ಲ. ಶಿವಶರಣಪ್ಪನವರ ಮನೆಯಿಂದ ರೊಟ್ಟಿ, ಪುಂಡಿಪಲ್ಯ ಬಂತು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಉಂಡರು. ರೊಟ್ಟಿ ತಂದ ಅವರ ಹೆಂಡತಿಯೇ ದಾರಿ ಹೇಳಿದಳು. ಹಿರೋಳ್ಳಿಯ ಕಾಸಾರ ಮಾಣಿಕಪ್ಪ ಬರುವ ಗುರುವಾರ ಸಂತೆಗೆ ಬರುತ್ತಾನೆ, ಅವನಿಗೆ ತೋರಿಸಿರಿ. ಮಾಣಿಕಪ್ಪ ಬಳೆ, ಹಿತ್ತಾಳೆ ಪಾತ್ರೆ ಮಾರುವವನು. ಅದರ ಜೊತೆಗೆ ಒಡೆದ ಪಿಂಗಾಣಿಗೆ ಸಣ್ಣ ತೂತು ಕೊರೆದು ಹಿತ್ತಾಳೆ ಕಡ್ಡಿ ಹೊಡೆದು ಕೂಡಿಸುತ್ತಿದ್ದ. ಸುತ್ತಲಿನ ಊರುಗಳ ವಾಡೆಗಳಲ್ಲಿದ್ದ ಎಲ್ಲ ತಟ್ಟೆ ಬಟ್ಟಲುಗಳೂ ಅವನ ಕೈಯಿಂದ ಹಾದು ಹೋಗಿದ್ದವು. ಬಟ್ಟಲಿನ ವಯಸ್ಸು ಅವನು ಹೇಳುತ್ತಾನೆ. ಅಜ್ಜ ಬಜಾರಿನಿಂದ ತಂದದ್ದೋ, ದಾದಿಮಾನ ತಾಯಿಯ ಕಾಲದ್ದೋ, ತಿಳಿದುಹೋಗುತ್ತದೆ. ಇಬ್ಬರೂ ಒಪ್ಪಿದರು. ಆದರೆ ಆ ವಾರ ಪೂರ್ತಿ ದಾದಿಮಾ ಗೂಡಿನ ಕೆಳಗೇ ಕೂತಿರುತ್ತಿದ್ದಳು. ಉಣ್ಣುವಾಗ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಒಮ್ಮೆ ನನ್ನನ್ನು ಜಗಳದ ಕನ್ನಡದಲ್ಲೇ ಕೇಳಿದಳು:

“ಮುನ್ನಾ, ಆ ಕಾಸಾರ ಅಲ್ಲ ಅಂದ್ರ ನಾ ಈ ಮನ್ಯಾಗ ಏನ್ ಆಗಿ ಇರ್ಲಿ?”

ನಾನು ಆಗ ಹನ್ನೊಂದು ದಾಟಿದ ಹುಡುಗ. ಸಣ್ಣ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಅಕ್ಷರ ಕಲಿಯುತ್ತಿದ್ದೆ. ತಡವಾಗಿ ಹಸಿದವನು ಗಬಗಬ ಉಣ್ಣುವಂತೆ ನಾನು ಕಂಡದ್ದೆಲ್ಲ ಓದುತ್ತಿದ್ದೆ. ಗೊಬ್ಬರದ ಚೀಲ, ಬೆಂಕಿಪೊಟ್ಟಣ, ಬಸ್ಸಿನ ಹಣೆ. ಇಂಗ್ಲಿಷಿನ ದೊಡ್ಡಕ್ಷರಗಳು ಬಂದು ತಿಂಗಳಾಗಿತ್ತು. ಮಾಣಿಕಪ್ಪ ಬರುವ ಹಿಂದಿನ ದಿನ ದಾದಿಮಾ ಮಧ್ಯಾಹ್ನ ಅಡ್ಡಾದಾಗ ನಾನು ಬಟ್ಟಲನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡೆ. ದುವಾ ಓದಲು ಬರುತ್ತದೇನೋ ನೋಡೋಣ ಎಂಬ ಆಸೆ. ಚೌಕದ ಅಕ್ಷರ ಬರಲಿಲ್ಲ. ಆದರೆ ಚೌಕದ ಕೆಳಗೆ, ಬುಡದ ಬಳೆಗೆ ಹತ್ತಿಕೊಂಡು, ಇರುವೆ ಸಾಲಿನಂತೆ ಒಂದು ಸಣ್ಣ ಕೆಂಪು ಗುರುತು ಇತ್ತು. ಅದು ಚಿತ್ತಾರ ಎಂದು ನಾವು ತಿಳಿದಿದ್ದೆವು. ನಾನು ಒಂದೊಂದಾಗಿ ಓದಿದೆ. ಸಿ, ಎಚ್, ಐ, ಎನ್, ಎ. ಶಾಲೆಯ ಗೋಡೆಯ ನಕಾಶೆಯಲ್ಲಿ ನಮ್ಮ ದೇಶದ ನೆತ್ತಿಯ ಮೇಲೆ ಹಳದಿ ಬಣ್ಣದಲ್ಲಿ ಬರೆದಿದ್ದ ಅದೇ ಐದು ಅಕ್ಷರ.

ಮನೆ ಎಂದಿನಂತೆಯೇ ಇತ್ತು. ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ಬಾಗಿಲಲ್ಲಿ ಆಡು ಮೆಲುಕು ಹಾಕುತ್ತಿತ್ತು. ನನಗೆ ಮಾತ್ರ ಎಲ್ಲ ಬಹಳ ದೂರದಲ್ಲಿ ಇದ್ದಂತೆ ಕಂಡಿತು. ಬಟ್ಟಲು ಮದೀನಾದ್ದಲ್ಲ. ದಾದಿಮಾ ಹೇಳಿದ್ದು ಸುಳ್ಳು. ನಾಳೆ ಕಾಸಾರ ಇದನ್ನು ನೋಡಿದರೆ ಬಡೀಮಾ ಗೆದ್ದಳು. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ. ನಾನು ಒಲೆಯ ಬೂದಿ, ಇಟ್ಟಿಗೆಯ ಪುಡಿ, ತೆಂಗಿನ ನಾರು ತೆಗೆದುಕೊಂಡು ಹಿತ್ತಲಿಗೆ ಹೋದೆ. ಚೌಕಕ್ಕೆ ತಾಗದ ಹಾಗೆ, ಆ ಐದು ಅಕ್ಷರದ ಮೇಲೆ ಮಾತ್ರ ತಿಕ್ಕಿದೆ. ಬಣ್ಣ ಗಾಜಿನಂಥ ಹೊಳಪಿನ ಮೇಲೆ ಕೂತದ್ದು, ಒಳಗೆ ಇಳಿದದ್ದಲ್ಲ. ಸುಮಾರು ಹೊತ್ತು ತಿಕ್ಕಿದ ಮೇಲೆ ನಾರು ಕೆಂಪಾಯಿತು, ಅಕ್ಷರ ಮಾಯವಾದವು. ಅಷ್ಟು ವರ್ಷ ಕಾದು ಕಲಿತ ಅಕ್ಷರವನ್ನು ನಾನು ಮೊದಲು ಉಪಯೋಗಿಸಿದ್ದು ಅಳಿಸುವುದಕ್ಕೆ.

ಗುರುವಾರ ಮಾಣಿಕಪ್ಪ ಬಂದ. ಬಿಳಿ ಮೀಸೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಬಾಗಿಲಲ್ಲಿ ಬಳೆಯ ಗಂಟು ಇಳಿಸಿ ಚಹಾ ಕುಡಿದ. ಬಡೀಮಾ ಒಂದು ಕಡೆ, ದಾದಿಮಾ ಒಂದು ಕಡೆ, ನಡುವೆ ಶಿವಶರಣಪ್ಪನವರ ಹೆಂಡತಿ. ಅವನು ಬಟ್ಟಲನ್ನು ಮೊದಲು ಕಣ್ಣಿನಿಂದ ನೋಡಲೇ ಇಲ್ಲ. ಕಣ್ಣು ಮುಚ್ಚಿ ಹೂವಿನ ಮೇಲೆ ಹೆಬ್ಬೆರಳು ಆಡಿಸಿದ. ಉಗುರಿನಿಂದ ಅಂಚು ಮೀಟಿ ಕಿವಿಗೆ ಹಿಡಿದ. ಬುಡದ ಬಳೆಯಲ್ಲಿ ಹೊಳಪಿಲ್ಲದ ಬರಿ ಮಣ್ಣು ಕಾಣುವ ಅಂಚನ್ನು ಸವರಿ, ಬೆರಳಿಗೆ ಹತ್ತಿದ ಮರಳಿನ ಕಾಳನ್ನು ನೋಡಿದ. ಆಮೇಲೆ ಬಿಸಿಲಿಗೆ ಓರೆ ಹಿಡಿದ.

“ಬಣ್ಣ ಮ್ಯಾಲ ಕುಂತದ, ಎರಡನೇ ಸಲ ಸುಟ್ಟಿದ್ದು. ಹೂವಿನ ಸುತ್ತ ಕಾಮನಬಿಲ್ಲ ಕಾಣಾಕತ್ತದ ನೋಡ್ರಿ. ಹೊಸಾ ಮಾಲಿಗಿ ಇದು ಬರಂಗಿಲ್ಲ. ಹಳೇದು ಹೌದ್ರಿ. ಆದ್ರ ಎಷ್ಟ ಹಳೇದು ಅಂಬೂದು ಬುಡಾ ಹೇಳಬೇಕು.”

“ಅಲ್ಲೇ ದುವಾ ಬರದಾರಲ್ಲ,” ಎಂದಳು ದಾದಿಮಾ.

ಅವನು ಬಟ್ಟಲನ್ನು ಮಡಿಲಿಗೆ ಇಳಿಸಿದ.

“ಅವ್ವಾ, ಅದು ಚೀನಾ ದೇಶದ ರಾಜನ ಹೆಸರಂತ್ರಿ. ರಾಜ ಸತ್ತು ಎಷ್ಟೋ ಕಾಲ ಆದ ಮ್ಯಾಲೂ ಚೊಲೋ ಕಾಣ್ಲಿ ಅಂತ ಅದನ್ನ ಬರೀತಿದ್ರು. ಅದನ್ನ ನಂಬಿ ವಯಸ್ಸು ಹೇಳಾಕ ಬರಂಗಿಲ್ಲ. ಇಂಥಾವಕ್ಕ ಅದರ ತೆಳಗ ಇಂಗ್ಲಿಷ್‌ನ್ಯಾಗ ದೇಶದ ಹೆಸರು ಹೊಡೀತಿದ್ರು. ಅದು ಬಂದರದ ಸುಂಕದ ಸಾಹೇಬರಿಗಿ ತೋರಸಾಕ ಹೊಡದದ್ದು, ಅದಕ್ಕ ಅದು ಖರೇ ಹೇಳ್ತದ. ಬರೇ ದೇಶದ ಹೆಸರು, ಒಂದೇ ಮಾತು ಇದ್ರ ನಿಮ್ಮವ್ವನ ಕಾಲದ್ದು. ಆ ದೇಶದಾಗ ಮಾಡಿದ್ದು ಅಂತ ಮೂರು ಮಾತಿನ ಮುದ್ರಿ ಇದ್ರ ಆಮ್ಯಾಲಿಂದು, ಸೋಲಾಪುರ ಬಜಾರಕ್ಕ ಗಾಡಿಗಟ್ಟಲೆ ಬಂದ ಮಾಲು.”

ಬಾಗಿಲ ಚೌಕಟ್ಟಿಗೆ ಒರಗಿದ್ದ ನಾನು ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅವನು ಕನ್ನಡಕ ಏರಿಸಿ ಬುಡ ನೋಡಿದ.

“ಇಲ್ಲೇ ಇತ್ತು. ಯಾರೋ ತಿಕ್ಕಿ ಅಳಸ್ಯಾರ. ಹಳೇ ಸವಕಳಿ ಅಲ್ಲ ಇದು, ನಿನ್ನಿ ಮೊನ್ನಿದು.”

ಬಡೀಮಾ ಗಾದಿಯಿಂದ ಎದ್ದೇ ಬಿಟ್ಟಳು.

“ಮೂರು ಮಾತಿದ್ದೇ ಅಳಸ್ಯಾಳ. ಗೂಡು ಬಿಟ್ಟು ಕದಲಿಲ್ಲ ವಾರ ಪೂರ್ತಿ. ಯಾಕ ಅಂತ ಈಗ ತಿಳೀತು. ಕೇಳ್ರೆವ್ವಾ, ನೀವೇ ಕೇಳ್ರಿ.”

ದಾದಿಮಾ ಬಟ್ಟಲನ್ನು ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಇಷ್ಟು ವರ್ಷ ನೀರು ಸುತ್ತಿ ಸುತ್ತಿ ತಾನೇ ಸವೆಸಿದೆನೇನೋ ಎಂದು ಅವಳಿಗೆ ಅನ್ನಿಸಿರಬೇಕು. ಆ ಮುಖ ನನಗೆ ನೋಡಲಾಗಲಿಲ್ಲ.

“ನಾ ಅಳಸೀನಿ,” ಎಂದೆ. “ಮೂರು ಮಾತು ಇದ್ದಿಲ್ಲ. ಒಂದೇ ಇತ್ತು. ಐದು ಅಕ್ಷರ.”

“ಅಜ್ಜಿ ಹೇಳಿಕೊಟ್ಟದ್ದು ಹೇಳಾಕತ್ತಾನ,” ಎಂದಳು ಬಡೀಮಾ.

ಮಾಣಿಕಪ್ಪ ಅವಳ ಕಡೆ ತಿರುಗಿದ.

“ಅಜ್ಜಿಗಿ ಇಂಗ್ಲಿಷ್ ಬರ್ತದೇನ್ರಿ? ನಿಮಗರೆ ಬರ್ತದೇನು? ನನಗೂ ಓದಾಕ ಬರಂಗಿಲ್ಲ, ಆಕಾರ ಗುರ್ತು ಹಿಡೀತೇನಿ ಅಷ್ಟೇ. ಬಾರಲೇ ತಮ್ಮಾ, ನೆಲದ ಮ್ಯಾಲ ಬರಿ ನೋಡೂಣು.”

ಸುಣ್ಣದ ತುಂಡು ಸಿಕ್ಕಿತು. ಪರಸಿಯ ಮೇಲೆ ಬರೆದೆ. ನಾಲ್ಕನೆಯ ಅಕ್ಷರ ಹಿಂದುಮುಂದಾಯಿತು, ಒರೆಸಿ ಮತ್ತೆ ಬರೆದೆ. ಮಾಣಿಕಪ್ಪ ಅದನ್ನು ನೋಡಿದ. ಬಟ್ಟಲನ್ನು ದಾದಿಮಾನ ಮುಖದ ಮುಂದೆ ಹಿಡಿದ.

“ಬಣ್ಣ ಹೋದ್ರೂ ಅದು ಕುಂತ ಜಾಗಾ ಹೊಳಪು ಮರೆಯಂಗಿಲ್ರಿ. ಉಸರಾ ಬಿಡ್ರಿ ಅವ್ವಾ. ಕನ್ನಡಿಗಿ ಬಿಟ್ಟಂಗ.”

ಅವಳು ಹಾ ಎಂದು ಉಸಿರು ಬಿಟ್ಟಳು. ಬುಡದ ಬಿಳುಪು ಮಂಜಾಯಿತು. ಮಂಜು ಅಂಚಿನಿಂದ ಆರುತ್ತ ಬಂದಾಗ, ಆರದ ಗೆರೆಗಳು ಉಳಿದವು. ಮೊದಲು ಬಾಗಿದ ಒಂದು ಗೆರೆ. ನಡುವೆ ಒಂದು ನೆಟ್ಟ ಕೋಲು. ಕೊನೆಗೆ ಗುಡಿಸಲಿನಂಥದ್ದು. ಐದು ಗುರುತು, ನೆಲದ ಮೇಲೆ ಬರೆದವೇ. ಅವುಗಳ ಆಚೆ ಈಚೆ ಬರಿ ಬಿಳುಪು. ಒಂದು ಕ್ಷಣ ನಿಂತು ಮಾಯವಾದವು. ಬಡೀಮಾ ಬಗ್ಗಿ ನೋಡಿದಳು. ತಾನೂ ಉಸಿರು ಬಿಟ್ಟಳು. ಮತ್ತೆ ಬಂದವು. ಮೂರನೇ ಸಲ ಶಿವಶರಣಪ್ಪನವರ ಹೆಂಡತಿಯೂ ಬಿಟ್ಟು ನೋಡಿದಳು, ತಾನೇಕೆ ಬಿಡಬೇಕು ಎಂದು.

“ನಿಮ್ಮವ್ವನ ಕಾಲದ್ದೇ,” ಎಂದ ಮಾಣಿಕಪ್ಪ. “ಬಜಾರಿನ ಮಾಲಲ್ಲ. ಯಾರ ಮುಂದ ಬೇಕಾದ್ರೂ ಹೇಳ್ತೇನಿ.”

ದಾದಿಮಾ ನಗಲಿಲ್ಲ.

“ಹಂಗಾದ್ರ ಮದೀನಾದ್ದಲ್ಲೇನು?”

“ಅಲ್ಲಿ ಹುಟ್ಟಿ ಮದೀನಾದ ಬಜಾರಕ್ಕ ಬರಬಾರದೇನ್ರಿ? ನಮ್ಮ ಹಿರೋಳ್ಳಿ ಬಾಳಿಹಣ್ಣ ಆಳಂದದಾಗ ಮಾರಂಗಿಲ್ಲೇನು?”

“ದುವಾ ಅಂತೂ ಅಲ್ಲ.”

“ಅಲ್ಲರಿ.”

ಅವಳು ಬಟ್ಟಲನ್ನು ಮಡಿಲಿಗೆ ತೆಗೆದುಕೊಂಡು ಬಹಳ ಹೊತ್ತು ಕೂತಳು. ಬಿಸಿಲಿನ ಕೋಲು ನೆಲದಿಂದ ಗೋಡೆಗೆ ಏರಿತು.

“ಹೋಗ್ಲಿ ಬಿಡ್ರಿ,” ಎಂದಳು ಕೊನೆಗೆ. “ನಮ್ಮವ್ವಗೂ ಓದಾಕ ಬರ್ತಿದ್ದಿಲ್ಲ.”

ನನಗೆ ಅವಳು ಬಯ್ಯಲಿಲ್ಲ. ಹೊಡೆಯಲೂ ಇಲ್ಲ. ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಇಟ್ಟಿಗೆಯ ಕೆಂಪು ಇತ್ತು. ಎಷ್ಟೋ ವರ್ಷಗಳಾದವು, ಈಗ ನಾನು ಆಳಂದದಲ್ಲಿ ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆ ಕೊಡುತ್ತೇನೆ. ಯಡ್ರಾಮಿಯಿಂದ, ಅತನೂರಿನಿಂದ ಜನ ಹಳೆಯ ತಟ್ಟೆಗಳನ್ನು ಸೀರೆಯಲ್ಲಿ ಸುತ್ತಿ ತಂದು ವಯಸ್ಸು ಹೇಳಿರಿ ಎನ್ನುತ್ತಾರೆ. ನಾನು ಮಾಣಿಕಪ್ಪನಂತೆ ಮೊದಲು ಕಣ್ಣು ಮುಚ್ಚುತ್ತೇನೆ, ಆಮೇಲೆ ಓರೆ ಹಿಡಿಯುತ್ತೇನೆ, ಅಕ್ಷರವನ್ನು ಕೊನೆಗೆ ನೋಡುತ್ತೇನೆ. ತಿಕ್ಕಬೇಡಿರಿ, ಎಷ್ಟೇ ಪ್ರೀತಿ ಇದ್ದರೂ ತಿಕ್ಕಬೇಡಿರಿ ಎಂದು ಹೇಳಿ ಕಳಿಸುತ್ತೇನೆ. ಯಾಕೆ ಎಂದು ಕೇಳಿದರೆ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಅದಕ್ಕೇ ಕೀಲಿಮಣೆಯ ಒಂದೊಂದೇ ಕೀಲಿ ಒತ್ತಿ ಇಲ್ಲಿ ಬರೆದಿದ್ದೇನೆ.

ಆ ಗುರುವಾರದ ಮೇಲೂ ಮನೆಯಲ್ಲಿ ಜಗಳಗಳು ನಿಲ್ಲಲಿಲ್ಲ. ಉಪ್ಪು ಹೆಚ್ಚಾಗುತ್ತಲೇ ಇತ್ತು. ಆದರೆ ಖಾಲಿ ಕೈ ಎಂಬ ಮಾತು ಬಡೀಮಾನ ಬಾಯಿಂದ ಬರಲಿಲ್ಲ. ಬಟ್ಟಲಿನ ಸುದ್ದಿಯನ್ನೂ ಅವಳು ಎತ್ತಲಿಲ್ಲ. ಶಮೀಮಳ ಮದುವೆ ಬಂತು. ಹುಡುಗಿ ಅಫಜಲಪುರಕ್ಕೆ ಹೊರಡುವ ಮುನ್ನ ನಮ್ಮಲ್ಲಿ ಒಂದು ಪದ್ಧತಿ. ಹೆಂಗಸರೆಲ್ಲ ನಡುಮನೆಯಲ್ಲಿ ತುಂಬಿ ಕೂರುತ್ತಾರೆ. ಹುಡುಗಿಯ ತಾಯಿ ಒಂದೊಂದೇ ಸಾಮಾನು ಎತ್ತಿ ಹಿಡಿದು, ಅದು ಯಾರಿಂದ ಬಂತು ಎಂದು ಬೀಗರ ಮುಂದೆ ಕೂಗಿ ಹೇಳಬೇಕು. ಹಂಡೆ ಮಾವನಿಂದ ಆಯಿತು, ಪಾನದಾನ ಚಿಕ್ಕಮ್ಮನಿಂದ ಆಯಿತು, ಗಾದಿ ಶಿವಶರಣಪ್ಪನವರ ಮನೆಯಿಂದ ಆಯಿತು. ಎಲ್ಲ ಮುಗಿಯಿತು ಎನ್ನುವಾಗ ದಾದಿಮಾ ಗೋಡೆ ಹಿಡಿದು ಎದ್ದಳು. ಗೂಡಿನಿಂದ ಬಟ್ಟಲನ್ನು ಇಳಿಸಿ, ಸೆರಗಿನಿಂದ ಒರೆಸಿ, ಬಡೀಮಾನ ಎರಡೂ ಕೈಯಲ್ಲಿ ಇಟ್ಟಳು.

“ಶಮೀಮಗ,” ಎಂದಳು. “ಎಲ್ಲಿಂದು ಅಂತ ಹೇಳು.”

ಬಡೀಮಾ ಬಟ್ಟಲನ್ನು ನೋಡುತ್ತ ನಿಂತಳು. ಮುಸುಕು ಸರಿಪಡಿಸಿಕೊಂಡಳು. ಬೀಗರ ಹೆಂಗಸರು ಕಾಯುತ್ತಿದ್ದರು. ಅವಳು ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿದಳು:

“ಇದು ಜೇವರ್ಗಿದು. ನಮ್ಮ ಅತ್ತಿ ತವರಮನಿ ಬಟ್ಟಲ. ಲಗ್ನ ಆಗಿ ಬರುವಾಗ ಅಕಿ ತಂದದ್ದು.”

ದಾದಿಮಾ ಅದಾಗಲೇ ತನ್ನ ಜಾಗಕ್ಕೆ ಹೋಗಿ ಕೂತು ಅಡಿಕೆ ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಇನ್ನೊಮ್ಮಿ ಹೇಳಬೇ,” ಎಂದಳು. “ಹಿಂದ ಕುಂತವರಿಗಿ ಕೇಳಸಲಿಲ್ಲ.”